ಅರಿಶಿನ ಕೊಂಬಿನ ದಾರ

ನವೆಂಬರ್ 3, ಸೋಮವಾರ

ಬ್ಯಾಂಕಿನವರು ಕೊಟ್ಟ ಡೈರಿಯನ್ನು ಮಗಳು ಮಾನಸಾ ತಂದುಕೊಟ್ಟು ಹತ್ತು ತಿಂಗಳಾಯಿತು. ಹಾಲಿನ ಲೆಕ್ಕ ಬರೆಯಲೂ ತೆಗೆದಿರಲಿಲ್ಲ. ಇವತ್ತು ತೆಗೆದೆ. ಯಾರ ಹತ್ತಿರವೂ ಆಡಲಾಗದ ಮಾತು ಎಲ್ಲಾದರೂ ಹೋಗಿ ಕೂರಬೇಕಲ್ಲ.

ಪಿತ್ತಕೋಶದಲ್ಲಿ ಮೂರು ಕಲ್ಲು ಇವೆಯಂತೆ. ಒಂದು ಅವರೆಕಾಳಿನಷ್ಟಿದೆ. ಆಯುಧಪೂಜೆಯ ದಿನ ಬೋಂಡ ತಿಂದು ಬಲಪಕ್ಕೆ ಹಿಡಿದುಕೊಂಡು ಮುದುರಿದ್ದೆನಲ್ಲ, ಅದು ಗ್ಯಾಸ್ ಅಲ್ಲ ಅಂತಾಯಿತು. ಬರುವ ಸೋಮವಾರ, ಹತ್ತನೇ ತಾರೀಖು ಆಪರೇಷನ್.

ಡಾಕ್ಟರ ಕೋಣೆಯ ಹೊರಗೆ ಮೋನಿಕಾ ಎಂಬ ನರ್ಸು ಒಂದು ಹಾಳೆ ಕೊಟ್ಟಳು. ಆಪರೇಷನ್ ದಿನಕ್ಕೆ ರೋಗಿ ಹೇಗೆ ತಯಾರಾಗಿ ಬರಬೇಕು ಅಂತ ಹನ್ನೊಂದು ಸಾಲು. ಹಿಂದಿನ ರಾತ್ರಿ ಹನ್ನೆರಡರ ಮೇಲೆ ಬಾಯಿಗೆ ಏನೂ ಹಾಕಬಾರದು. ಸ್ನಾನ ಮಾಡಿ ಬರಬೇಕು, ಪೌಡರ್ ಬೇಡ, ಉಗುರಿಗೆ ಬಣ್ಣ ಬೇಡ. ಕಟ್ಟಿಸಿದ ಹಲ್ಲಿದ್ದರೆ ತೆಗೆಯಬೇಕು. ದಿನಾ ನುಂಗುವ ಮಾತ್ರೆಗಳ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಮೈಮೇಲಿನ ಒಡವೆ ಎಲ್ಲ ಬಿಚ್ಚಬೇಕು. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದಳು. ಕೊನೆಗೆ "ಅರ್ಥ ಆಯ್ತಾ ಅಜ್ಜಿ?" ಅಂದಳು.

ನನಗೆ! ಮೂವತ್ತು ವರ್ಷ ಗುಬ್ಬಿಯಲ್ಲಿ ಆಸ್ಪತ್ರೆಯ ಆಯಾ ಆಗಿದ್ದವಳಿಗೆ ಈ ಕೂಸು ಪಾಠ ಮಾಡುತ್ತದೆ. ಈ ಹನ್ನೊಂದು ಸಾಲು ಅಚ್ಚಾಗುವ ಮೊದಲೇ ನನ್ನ ಬಾಯಲ್ಲಿದ್ದವು. "ಆಯ್ತು ಕಣಮ್ಮ" ಅಂದೆ ಅಷ್ಟೆ.

ಪಕ್ಕದಲ್ಲಿ ಇವರು ಹಾಳೆ ಇಸಕೊಂಡು ಎರಡು ಸಲ ಓದಿದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಇವರು ಎಂದರೆ ರಾಮಾಂಜಿನಯ್ಯ. ಡೈರಿಯಲ್ಲಿ ಗಂಡನ ಹೆಸರು ಬರೆದರೆ ಯಾರೇನು ಕೇಳುತ್ತಾರೆ.

ನವೆಂಬರ್ 5, ಬುಧವಾರ

ಬುಧವಾರ ಬಂದರೆ ಈಗಲೂ ನಾಲ್ಕಕ್ಕೇ ಎಚ್ಚರ. ಗುಬ್ಬಿಯಲ್ಲಿ ಬುಧವಾರ ಎಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಕ್ಯಾಂಪು. ಸುತ್ತಲಿನ ಹಳ್ಳಿಗಳಿಂದ ಇಪ್ಪತ್ತು, ಮೂವತ್ತು ಹೆಂಗಸರು ಬೆಳಿಗ್ಗೆಯೇ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಮಡಿಲಲ್ಲಿ ಎಳೆ ಮಗು, ಜೊತೆಗೊಬ್ಬಳು ಅತ್ತೆ ಅಥವಾ ತಾಯಿ. ಗಂಡಂದಿರು ಗೇಟಿನಾಚೆ ಬೀಡಿ ಸೇದುತ್ತಾ ನಿಂತಿರುವರು. ಒಳಗೆ ಬರಲು ಅವರಿಗೆ ನಾಚಿಕೆ.

ಆ ಹೆಂಗಸರನ್ನು ಟೇಬಲ್ಲಿಗೆ ತಯಾರು ಮಾಡುವುದು ನನ್ನ ಕೆಲಸ. "ಕಾಫಿ ಕುಡಿದ್ಯೇನೇ? ಬಾಯಿ ತಗಿ, ನೋಡ್ತೀನಿ" ಅಂದರೆ ಎಂಥ ಗಟ್ಟಿಗಿತ್ತಿಯೂ ಬಾಯಿ ತೆರೆಯುತ್ತಿದ್ದಳು. ಬಳೆ, ಕಾಲುಂಗುರ, ಮೂಗುಬೊಟ್ಟು ಎಲ್ಲ ಬಿಚ್ಚಿಸಿ, ಒಬ್ಬೊಬ್ಬರದನ್ನೂ ಒಂದೊಂದು ಬಟ್ಟೆಚೂರಿನಲ್ಲಿ ಗಂಟು ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಸ್ಟೀಲ್ ಡಬ್ಬಿಯಲ್ಲಿಡುತ್ತಿದ್ದೆ. ಮೂವತ್ತು ವರ್ಷದಲ್ಲಿ ಒಂದು ಗುಲಗಂಜಿ ತೂಕದ ಚಿನ್ನ ಆಚೀಚೆ ಆಗಲಿಲ್ಲ.

ತಾಳಿಯ ಹತ್ತಿರ ಬಂದಾಗ ಮಾತ್ರ ಎಲ್ಲರ ಕೈ ನಿಲ್ಲುತ್ತಿತ್ತು. ಅದಕ್ಕೆಂದೇ ನನ್ನ ಸೊಂಟದ ಚೀಲದಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರಗಳಿರುತ್ತಿದ್ದವು. ಮೊದಲು ಆ ದಾರ ಕತ್ತಿಗೆ ಕಟ್ಟಿ, ಆಮೇಲೆ ಚಿನ್ನದ್ದನ್ನು ಬಿಚ್ಚಿಸುವುದು. ಕತ್ತು ಒಂದು ಗಳಿಗೆಯೂ ಬರಿದಾಗುವುದಿಲ್ಲ. ಅವರ ಮುಖಕ್ಕೆ ಬಣ್ಣ ಮರಳಿ ಬರುತ್ತಿತ್ತು. ಡಾಕ್ಟರೂ ಸುಮ್ಮನಿರುತ್ತಿದ್ದರು, ಲೋಹ ಅಲ್ಲವಲ್ಲ.

ಆ ದಾರಗಳನ್ನು ಹೊಸೆಯುತ್ತಿದ್ದವರು ಇವರು. ಲೈನ್‌ಮನ್ ಕೆಲಸ ಮುಗಿಸಿ, ಸೈಕಲ್ಲಿನಿಂದ ಹಗ್ಗ, ಕೊಕ್ಕೆ ಇಳಿಸಿ, ಕೈಕಾಲು ತೊಳೆದು, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ದಾರ ಹೊಸೆಯುವರು. ಅರಿಶಿನದ ನೀರಿನಲ್ಲಿ ಅದ್ದಿ ಬಟ್ಟೆಯ ತಂತಿಗೆ ಸಾಲಾಗಿ ನೇತುಹಾಕುವರು. ಮಂಗಳವಾರ ಸಂಜೆ ನಮ್ಮ ಹಿತ್ತಿಲಿಗೆ ಯಾರೇ ಬಂದರೂ ಮದುವೆ ಮನೆ ಅಂದುಕೊಳ್ಳಬೇಕು. ಕೊಂಬು ಕುಣಿಗಲ್ ಸಂತೆಯದೇ ಆಗಬೇಕು ಇವರಿಗೆ, ಮುರಿಯದ್ದು, ಕಿರುಬೆರಳಿನಷ್ಟು. ಏಕೆ, ಯಾರಿಗೆ ಅಂತ ಒಂದು ದಿನವೂ ಕೇಳಿದವರಲ್ಲ.

ಎಂಥ ದಿನಗಳು ಅವು. ಆ ಅರಿಶಿನದ ವಾಸನೆ ಈಗ ಮೂಗಿಗೆ ಬಂದಂತಾಗಿ ಎದ್ದು ಅಡುಗೆಮನೆಗೆ ಹೋಗಿ ಡಬ್ಬಿ ಮೂಸಿದೆ. ಪ್ಯಾಕೆಟ್ ಪುಡಿ, ಏನೂ ವಾಸನೆಯಿಲ್ಲ.

ನವೆಂಬರ್ 8, ಶನಿವಾರ

ಮಾನಸಾ ಆ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಆದ ಕೆಲಸಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದಾಳೆ. ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿ ಮಾಡಿ ಮನೆಯೂ ಆಫೀಸೇ ಆಗಿದೆ.

"ಅಮ್ಮ, ಒಡವೆ ಒಂದು ಬಾಕಿ ಇದೆ. ಈಗ್ಲೇ ತಗ್ದು ಕೊಡು, ಬೀರುನಲ್ಲಿ ಇಡ್ತೀನಿ" ಅಂದಳು. ಬಳೆ ಕೊಟ್ಟೆ. ಓಲೆ ಕೊಟ್ಟೆ. ಸೋಪು ಹಚ್ಚಿ ಕಾಲುಂಗುರ ಎಳೆದು ಕೊಟ್ಟೆ.

"ತಾಳಿ ಸರ?"

"ಕೊಕ್ಕೆ ಬಿಗಿಯಾಗದೆ ಕಣೇ, ಬರ್ತಿಲ್ಲ. ಅವತ್ತೇ ನೋಡನ ಬುಡು."

ಕೊಕ್ಕೆ ಬಿಗಿಯಾಗಿಲ್ಲ. ಬೆಳಿಗ್ಗೆ ಸ್ನಾನ ಮಾಡುವಾಗ ಮುಟ್ಟಿ ನೋಡಿದ್ದೆ. ಉಗುರು ತಾಗಿದರೆ ಸಾಕು, ಬಿಚ್ಚುತ್ತದೆ.

ನವೆಂಬರ್ 10, ಸೋಮವಾರ

ಆಪರೇಷನ್ ಆಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹಸಿರು ಗೌನು ತೊಡಿಸಿ ಕೂರಿಸಿದ್ದರು. ಅರಿವಳಿಕೆ ಕೊಡುವ ಡಾಕ್ಟರು ಬಂದು "ಬಾಯಿ ತೆಗೀರಿ" ಅಂದರು. ತೆಗೆದೆ. ನೋಡಿದರು. "ಇದೇನಮ್ಮ, ಬಾಯೆಲ್ಲ ಕೆಂಪಗಿದೆ?"

"ಎಲೆ ಅಡಿಕೆ" ಅಂದೆ. "ಏಳು ಗಂಟೇಲಿ. ಅಭ್ಯಾಸಬಲ, ಮರ್ತೋಯ್ತು."

ರಸ ನುಂಗಿದಿರಾ ಎಂದು ಕೇಳಿದರು. ನುಂಗಿದೆ ಅಂದೆ. ಅವರು ಬೈಯಲಿಲ್ಲ. ಹೊಟ್ಟೆಯಲ್ಲಿ ಏನಿದ್ದರೂ ಪ್ರಜ್ಞೆ ತಪ್ಪಿಸಿದಾಗ ಮೇಲೆ ಬಂದು ಉಸಿರಿನ ದಾರಿಗೆ ಇಳಿಯುತ್ತದೆ, ಇವತ್ತು ಬೇಡ ಅಂದರು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆಪರೇಷನ್ ಮಾಡುವ ಡಾಕ್ಟರು ಕೆಲವು ದಿನ ಊರಲ್ಲಿರುವುದಿಲ್ಲವಂತೆ, ಹತ್ತೊಂಬತ್ತಕ್ಕೆ ಹಾಕಿದ್ದಾರೆ.

ಮೋನಿಕಾ ಗೌನು ಬಿಚ್ಚಲು ಸಹಾಯ ಮಾಡುತ್ತಾ "ಅಜ್ಜಿ, ನೀವು ಆಯಾ ಆಗಿದ್ರಂತೆ ಅಲ್ವಾ?" ಅಂದಳು. ವ್ಯಂಗ್ಯವಿರಲಿಲ್ಲ ಪಾಪ. ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಆಟೋದಲ್ಲಿ ಬಟವಾಡಿಯ ಮನೆಗೆ ಬರುವವರೆಗೂ ಮಾನಸಾ ಬೈದಳು. ಇವರು ನನ್ನ ಕತ್ತನ್ನೇ ನೋಡುತ್ತಿದ್ದರು. ಸರ ಇನ್ನೂ ಅಲ್ಲೇ ಇತ್ತು.

ನವೆಂಬರ್ 11, ಮಂಗಳವಾರ

ಮಾತಿಲ್ಲ. ಊಟಕ್ಕೆ ಮುದ್ದೆ, ಬಸ್ಸಾರು ಮಾಡಿದ್ದೆ. ತಿಂದು ಎದ್ದು ಹೋದರು.

ಎಲೆ ಅಡಿಕೆಯ ತಟ್ಟೆ ಎತ್ತಿ ಅಟ್ಟದ ಮೇಲಿಟ್ಟೆ.

ನವೆಂಬರ್ 13, ಗುರುವಾರ

ನೋವು ಬಂದು ಹೋಯಿತು. ಮಧ್ಯಾಹ್ನ ಎರಡರಿಂದ ಐದರವರೆಗೆ. ಎರಡು ಸಲ ವಾಂತಿ. ಹೆರಿಗೆಯೇ ವಾಸಿ, ಕೊನೆಗೆ ಕೈಗೊಂದು ಮಗುವಾದರೂ ಬರುತ್ತದೆ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದರು. ಅಲ್ಲಿದ್ದ ಡಾಕ್ಟರು ಹೇಳಿದ್ದನ್ನು ಮಾನಸಾ ಬಾಗಿಲಾಚೆ ಅಪ್ಪನಿಗೆ ಹೇಳುತ್ತಿದ್ದಳು. ಇನ್ನೊಂದು ಸಲ ಮುಂದಕ್ಕೆ ಹೋಗಬಾರದಂತೆ. ಕೀವಾದರೆ ಸಣ್ಣ ತೂತಿನಲ್ಲಿ ಆಗುವುದು ಹೊಟ್ಟೆ ಕೊಯ್ಯುವವರೆಗೆ ಹೋಗುತ್ತದಂತೆ, ಜೀವಕ್ಕೂ ಅಪಾಯವಂತೆ. "ಅಮ್ಮಂಗೆ ಇದೆಲ್ಲ ಗೊತ್ತಿದ್ದೂ ಯಾಕಪ್ಪ ಹಿಂಗೆ ಮಾಡ್ತು?" ಅಂತ ಅಳುತ್ತಿದ್ದಳು.

ಇವರು "ಮರ್ತಿರ್ತಾಳೆ ಬುಡು" ಅಂದರು.

ಗಂಡ ನನ್ನ ಪರವಾಗಿ ಸುಳ್ಳು ಹೇಳಿದ್ದು ಇದೇ ಮೊದಲು.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಇವರು "ಕೊತ್ತಗೆರೆಗೆ ಹೋಗನ ನಡಿ, ರಾಗಿ ನೋಡ್ಕಂಡು ಬರನ" ಅಂದರು. ಆರು ದಿನದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು. ಕುಣಿಗಲ್ಲಿನವರೆಗೆ ಬಸ್ಸು, ಅಲ್ಲಿಂದ ಆಟೋ. ಕಿಟಕಿಯ ಪಕ್ಕದ ಸೀಟು ನನಗೇ ಬಿಟ್ಟರು. ಮದುವೆಯಾದ ಹೊಸದರಲ್ಲಿ ಹೀಗೆ ಬಿಡುತ್ತಿದ್ದರು.

ಇವರೂರಿನ ಹೊಲವನ್ನು ವಾರಕ್ಕೆ, ಎಂದರೆ ಅರ್ಧ ಬೆಳೆಗೆ, ಕೊಟ್ಟಿದ್ದೇವೆ. ತೆನೆ ಬಲಿತು ಬಾಗಿವೆ, ಇನ್ನು ಹದಿನೈದು ದಿನಕ್ಕೆ ಕುಯ್ಲು. ಬದುವಿನ ಮೇಲೆ ನಮ್ಮತ್ತೆ ನೆಟ್ಟ ತೆಂಗಿನ ಮರದ ಬುಡದಲ್ಲಿ ಕೂತೆವು. ಸೊಸೆಯಾಗಿ ಬಂದ ವರ್ಷ ಇದೇ ಮರ ನನ್ನ ಎದೆಯ ಎತ್ತರಕ್ಕಿತ್ತು. ಕೊಡ ಹೊತ್ತು ಬರುವಾಗ ಸೋಗೆಗೆ ಸೀರೆ ಸಿಕ್ಕಿಕೊಂಡು ಬಿದ್ದಿದ್ದೆ. ಅದನ್ನು ನೆನೆಸಿಕೊಂಡು ನಕ್ಕೆ. ಇವರು ನಗಲಿಲ್ಲ.

"ಅವತ್ತು ಯಾವ ವಾರ?" ಅಂದರು.

"ಯಾವತ್ತು?"

"ಎಲೆ ಅಡಿಕೆ ಹಾಕ್ಕಂಡ ದಿನ."

"ಸೋಮವಾರ."

"ಕಾರ್ತಿಕ ಸೋಮವಾರ. ನಲವತ್ಮೂರು ವರ್ಷದಿಂದ ನೋಡ್ತಾ ಇವ್ನಿ. ಕಾರ್ತಿಕ ಸೋಮವಾರ ಸಾಯಂಕಾಲ ದೀಪ ಹಚ್ಚೋಗಂಟ ನೀನು ಹನಿ ನೀರು ಮುಟ್ಟಲ್ಲ. ಅಭ್ಯಾಸಬಲ ಅಂದ್ಯಲ್ಲ, ಯಾವ ಅಭ್ಯಾಸ ಮಂಜುಳಾ?"

 ಯಾವುದನ್ನು ಬಾಯಿಗೆ ಹಾಕಿದರೆ ಆಪರೇಷನ್ ನಿಲ್ಲುತ್ತದೆ, ಪ್ರಾಣ ಹೋಗುವುದಿಲ್ಲ ಅನ್ನುವುದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಆಮೇಲೆ, ಇಪ್ಪತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ.

ತೊಂಬತ್ತಾರನೇ ಇಸವಿ. ಆಗಿನ್ನೂ ಅರಿಶಿನ ದಾರದ ಪದ್ಧತಿ ಇರಲಿಲ್ಲ. ನರಸಿಂಹಮ್ಮ ಅಂತ ಒಬ್ಬಳು ಬಂದಿದ್ದಳು, ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ. ತಾಳಿ ಬಿಚ್ಚುವುದಿಲ್ಲ ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಅವತ್ತು ನಲವತ್ತು ಜನ, ನನಗೆ ತಲೆ ಕೆಟ್ಟಿತ್ತು. "ನಿನ್ ಗಂಡ ಏನು ಈ ದಾರಕ್ಕೆ ನೇತಾಕ್ಕಂಡಿದ್ದಾನೇನೆ? ಬಿಚ್ಚು" ಅಂದು ನಾನೇ ಕೈ ಹಾಕಿ ಬಿಚ್ಚಿದೆ. ಅವಳು ಅಳುತ್ತಲೇ ಟೇಬಲ್ಲಿಗೆ ಹೋದಳು.

ಐದಾರು ತಿಂಗಳಿಗೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಗಂಡ ಕಾಯಿ ಕೀಳುವಾಗ ತೆಂಗಿನ ಮರದಿಂದ ಬಿದ್ದನಂತೆ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ಚೆನ್ನಾಗಿದ್ದೀರಾ ಅಕ್ಕ?" ಅಂತ ಕೇಳಿ ಸಾಲಿನಲ್ಲಿ ಹೋಗಿ ಕೂತಳು.

ಅವತ್ತು ಸಂಜೆಯೇ ನಾನು ಇವರಿಗೆ ದಾರ ಹೊಸೆದುಕೊಡಿ ಅಂದದ್ದು. ಇವರು ಆಗ ದಿನಾ ಕಂಬ ಹತ್ತುತ್ತಿದ್ದರು. ಹೋದ ವರ್ಷ ಇವರ ಎದೆಗೆ ಸ್ಟೆಂಟ್ ಹಾಕಿದಾಗಿನಿಂದ ಸ್ನಾನ ಮಾಡುವಾಗಲೂ ತಾಳಿ ಸರಿಯಾಗಿದೆಯಾ ಅಂತ ಮುಟ್ಟಿ ನೋಡುವುದು ನನಗೆ ಚಾಳಿಯಾಗಿದೆ. ಬಿಚ್ಚಿದೆ, ಇವರಿಗೇನಾದರೂ ಆಯಿತು ಅಂದರೆ? ದಾರ ಕಟ್ಟಿಕೊಂಡರೆ ಸರಿಯಾಗುತ್ತದೆ ಅಂತ ಆ ಹೆಂಗಸರಿಗೆ ಹೇಳಿದ್ದು ನಾನೇ. ನಾನು ಕಟ್ಟಿದ ಕಥೆಯನ್ನು ನಾನೇ ನಂಬುವುದು ಹೇಗೆ?

ಎಲ್ಲ ಕೇಳಿ ಇವರು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದರು. ಹೊಟ್ಟು ಊದಿದರು.

"ನಂಗೆ ಹಾರ್ಟು ಹಿಡೀತಲ್ಲ, ಅವತ್ತು ನಿನ್ ಕತ್ತಲ್ಲಿ ತಾಳಿ ಇತ್ತೋ ಇಲ್ವೋ?"

"ಇತ್ತು."

"ಇತ್ತಲ್ಲ. ಅದೇನು ತಡೀತು?"

ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಮರದಿಂದ ಬಿದ್ದೋನು ಮರದಿಂದ ಬಿದ್ದ ಕಣೇ. ನೀನು ಅವ್ಳಿಗೆ ಆಡಿದ್ದು ಕೆಟ್ಟ ಮಾತು. ಅದು ಬೇರೆ, ಇದು ಬೇರೆ" ಅಂದರು. ರಾಗಿ ಕಾಳು ನನ್ನ ಅಂಗೈಗೆ ಹಾಕಿದರು. ಹಾಲು ಇಂಗಿರಲಿಲ್ಲ, ಸಿಹಿಯಾಗಿತ್ತು.

ಬರುವಾಗ ಕುಣಿಗಲ್ಲಿನಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲೋ ಹೋಗಿಬಂದರು. ಕೇಳಿದರೆ ಬಾಳೆಹಣ್ಣು ತೋರಿಸಿದರು.

ನವೆಂಬರ್ 18, ಮಂಗಳವಾರ

ಈ ಸಲ ನಂಬಿಕೆಯಿಲ್ಲದೆ ಹಿಂದಿನ ದಿನವೇ ಅಡ್ಮಿಟ್ ಮಾಡಿಕೊಂಡಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ಪಕ್ಕದ ಹಾಸಿಗೆಗೆ ಮಧ್ಯಾಹ್ನ ಸ್ವರ್ಣಲತಾ ಅಂತ ಕೋರದ ಕಡೆಯ ಹುಡುಗಿ ಬಂದಳು. ಅಪೆಂಡಿಕ್ಸ್. ಸಂಜೆಗೇ ಆಪರೇಷನ್. ಮೂಗುಬೊಟ್ಟು ಬರುತ್ತಿಲ್ಲ ಅಂತ ಮೋನಿಕಾ ಒದ್ದಾಡುತ್ತಿದ್ದಳು, ಹುಡುಗಿ ಕಣ್ಣಲ್ಲಿ ನೀರು. ಎದ್ದು ಹೋಗಿ ಕೊಬ್ಬರಿ ಎಣ್ಣೆ ತರಿಸಿದೆ. ಎರಡು ಹನಿ ಬಿಟ್ಟು ಐದು ನಿಮಿಷ ಸುಮ್ಮನೆ ಅವಳ ಊರಿನ ಸುದ್ದಿ ಕೇಳುತ್ತಾ ಕೂತೆ. ಬೊಟ್ಟಿನ ಕೆಳಗೆ ದಾರ ತೂರಿಸಿ, ಒಳಗಿನ ತಿರುಪು ಹಿಡಿದು ತಿರುಗಿಸಿದೆ, ಬಂತು. ಕೈ ಇನ್ನೂ ಮರೆತಿಲ್ಲ.

"ಬೆಳಗಿಂದ ಏನಾದ್ರೂ ಬಾಯಿಗೆ ಹಾಕ್ಕಂಡ್ಯೇನವ್ವ?" ಅಂತ ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಆದರೆ ಕಣ್ಣು ಬೇರೆ ಕಡೆ ಹೋಯಿತು. "ನಾನು ಹೋದ ವಾರ ಎಲೆ ಅಡಿಕೆ ಹಾಕ್ಕಂಡು ಬಂದಿದ್ದೆ. ಯಾರೂ ಹೊಡೀಲಿಲ್ಲ" ಅಂದೆ. ಆಗ ಬಾಯಿಬಿಟ್ಟಳು. ಹನ್ನೆರಡು ಗಂಟೆಗೆ ಅವರಮ್ಮ ಅರ್ಧ ಲೋಟ ಕಾಫಿ ಕುಡಿಸಿದ್ದರಂತೆ, ನಿತ್ರಾಣ ಆಗುತ್ತದೆ ಅಂತ. ಮೋನಿಕಾಳನ್ನು ಕರೆದು ಹೇಳಿಸಿದೆ. ಆಪರೇಷನ್ ರಾತ್ರಿಗೆ ಹಾಕಿದರು.

ಹಿಂದೆ ಇಂಥದ್ದನ್ನು ಬೈದೇ ಬಾಯಿಬಿಡಿಸುತ್ತಿದ್ದೆ. ಇವತ್ತು ಬೈಯಲಿಲ್ಲ. ಮೈಯಲ್ಲಿ ಶಕ್ತಿಯಿಲ್ಲ, ಅದಕ್ಕೇ ಇರಬೇಕು.

ನವೆಂಬರ್ 19, ಬುಧವಾರ. ಬೆಳಿಗ್ಗೆ

ಸ್ನಾನ ಆಯಿತು. ಗೌನು ತೊಟ್ಟಾಯಿತು. ಬಾಯಿ ಬೆಳ್ಳಗಿದೆ.

ಇವರು ಏಳಕ್ಕೆ ಬಂದರು. ಮೂರು ದಿನದಿಂದ ಅಂಗಿಯ ಜೇಬಿನಲ್ಲೇ ಇದ್ದ ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಅರಿಶಿನದ ದಾರ. ಅದಕ್ಕೊಂದು ಕೊಂಬು, ಮುರಿಯದ್ದು, ಕಿರುಬೆರಳಿನಷ್ಟು. ಕುಣಿಗಲ್ಲಿನಲ್ಲಿ ಹೋದದ್ದು ಬಾಳೆಹಣ್ಣಿಗಲ್ಲ.

"ಅದೇನೂ ತಡಿಯಲ್ಲ ಅಂದ್ರಲ್ಲ?" ಅಂದೆ.

"ತಡಿಯಲ್ಲ. ನಿನ್ ಕೈ ನಡುಗ್ತದಲ್ಲ, ಅದಕ್ಕೆ."

ಮೋನಿಕಾ ಡಾಕ್ಟರನ್ನು ಕೇಳಿ ಬಂದಳು. ಹತ್ತಿದಾರ ಪರವಾಗಿಲ್ಲ, ಕತ್ತಿಗೆ ಬೇಡ, ಡ್ರಿಪ್ ಇಲ್ಲದ ಕೈಗೆ ಸಡಿಲವಾಗಿ ಕಟ್ಟಿ ಅಂದರಂತೆ. ಇಷ್ಟು ವರ್ಷ ಹೊಸೆದದ್ದೇ ಹೊರತು ಇವರು ಒಂದನ್ನೂ ಕಟ್ಟಿದವರಲ್ಲ. ನನ್ನ ಬಲಗೈ ಹಿಡಿದು ನಿಧಾನವಾಗಿ ಮೂರು ಗಂಟು ಹಾಕಿದರು. ಗೇಟಿನಾಚೆ ನಿಲ್ಲುತ್ತಿದ್ದ ಆ ಗಂಡಸರು ನೆನಪಾದರು. ಅವರಲ್ಲಿ ಒಬ್ಬನನ್ನಾದರೂ ನಾನು ಒಳಗೆ ಕರೆಯಬಹುದಿತ್ತು.

ಕೊಕ್ಕೆ ನಾನೇ ಬಿಚ್ಚಿದೆ. ಸರ ಇವರ ಕೈಗೆ ಕೊಟ್ಟೆ. ಜೇಬಿಗೆ ಹಾಕಿಕೊಂಡು ಮೇಲೆ ಕೈ ಇಟ್ಟುಕೊಂಡರು.

ಕರೆಯಲು ಬಂದಿದ್ದಾರೆ.

ನವೆಂಬರ್ 20, ಗುರುವಾರ

ಆಯಿತು. ನಾಲ್ಕು ಸಣ್ಣ ತೂತು. ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ.

ಎಚ್ಚರವಾದಾಗ ಮೊದಲು ಕಂಡದ್ದು ಇವರ ಮುಖ, ಬಾಡಿಹೋಗಿತ್ತು. ಕೇಳಿದರೆ ಮಾನಸಾ ಹೇಳಿದಳು, ಹಿಂದಿನ ರಾತ್ರಿ ಹನ್ನೆರಡರ ಮೇಲೆ ಇವರೂ ಅನ್ನ ನೀರು ಮುಟ್ಟಿಲ್ಲವಂತೆ. ಹಾರ್ಟಿನ ಮಾತ್ರೆಯನ್ನೂ ನುಂಗಿಲ್ಲವಂತೆ. ಹಾಳೆಯಲ್ಲಿ ಹಾಗಿತ್ತಲ್ಲ ಅನ್ನುತ್ತಾರೆ. ಹಾಳೆ ಯಾರಿಗೆ ಕೊಟ್ಟಿದ್ದು, ಆಪರೇಷನ್ ಯಾರಿಗೆ? ನಾಲಿಗೆ ಇನ್ನೂ ತೊದಲುತ್ತಿತ್ತು, ಆದರೂ ಅವರು ಮಾತ್ರೆ ನುಂಗಿ ಎರಡು ಇಡ್ಲಿ ತಿನ್ನುವವರೆಗೂ ಬೈದೆ. ಮೋನಿಕಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ನವೆಂಬರ್ 24, ಸೋಮವಾರ

ಮನೆಗೆ ಬಂದು ಮೂರು ದಿನ. ಗಂಜಿ, ತಿಳಿಸಾರು. ನಗೆ ಬಂದರೆ ಹೊಲಿಗೆ ಎಳೆಯುತ್ತದೆ. ಸ್ವರ್ಣಲತಾ ಫೋನ್ ಮಾಡಿದ್ದಳು, ಮೂಗುಬೊಟ್ಟು ಹಾಕಿಕೊಳ್ಳಲು ಬರುತ್ತಿಲ್ಲವಂತೆ. ಅದಕ್ಕೂ ಎಣ್ಣೆಯೇ ಅಂದೆ.

ಬೆಳಿಗ್ಗೆ ಹೊತ್ತಾದ ಮೇಲೆ ಎದ್ದು, ಕಾರ್ತಿಕ ಮುಗಿಯಿತಲ್ಲ, ಅಟ್ಟದ ಮೇಲಿನ ಎಲೆ ಅಡಿಕೆ ತಟ್ಟೆ ಇಳಿಸಿಕೊಡು ಅಂತ ಮಾನಸಾಳಿಗೆ ಹೇಳುತ್ತಿದ್ದೆ. ಅವಳು ಒಗೆಯಲು ಅಪ್ಪನ ಅಂಗಿ ತೆಗೆದವಳು ಜೇಬಿಗೆ ಕೈ ಹಾಕಿ ಹಾಗೇ ನಿಂತಳು. ಅಂಗೈ ಮುಂದೆ ಹಿಡಿದಳು. ತಾಳಿ ಸರ.

"ಅಮ್ಮ, ಇದು ಇನ್ನೂ ಇಲ್ಲೇ ಇದ್ಯಲ್ಲ! ಐದು ದಿನದಿಂದ ಹಾಕ್ಕೊಂಡೇ ಇಲ್ವಾ?"

ಕತ್ತು ಮುಟ್ಟಿ ನೋಡಿಕೊಂಡೆ. ಬರಿದಾಗಿತ್ತು. ಕೈಯಲ್ಲಿ ದಾರವಿತ್ತು, ನೀರು ತಾಗಿ ತಾಗಿ ಬಣ್ಣ ಬಿಟ್ಟಿತ್ತು.

"ಅಯ್ಯೋ, ಮರ್ತೇ ಹೋಗಿತ್ತು ಕಣೇ" ಅಂದೆ.

ಬಾಗಿಲ ಹತ್ತಿರ ಪೇಪರ್ ಓದುತ್ತಿದ್ದ ಇವರು ತಲೆ ಎತ್ತಿದರು. ಕನ್ನಡಕ ಮೂಗಿನ ತುದಿಯಲ್ಲಿತ್ತು.

"ಈ ಸಲ ದಿಟವಾಗ್ಲೂ ಮರ್ತಿದ್ಯಾ, ಇಲ್ಲ ಬೇಕಂತ್ಲಾ?"

"ದಿಟವಾಗ್ಲೂ" ಅಂದೆ.